ಇಪ್ಪತ್ತಾರನೇ ನಿಮಿಷದ ನಂತರ ಶುಭ್ರ

ನಮ್ಮ ದೊಡ್ಡಪ್ಪನ ಮನೆಗೆ ಹೋದವರು ಮೊದಲು ಮೂಗು ಮುಚ್ಚಿಕೊಳ್ಳಬೇಕು. ಹಳೇ ಟೇಪು ಕೆಡುವಾಗ ವಿನೆಗರ್ ವಾಸನೆ ಬಿಡುತ್ತದೆ. ಒಂದೆರಡು ಟೇಪಾದರೆ ಹೇಗೋ ಸಹಿಸಬಹುದು, ಅವರ ಹತ್ತಿರ ಸಾವಿರದ ಆರುನೂರು ಸುರುಳಿಗಳಿವೆ. ಮುಂದಿನ ಕೋಣೆಯಲ್ಲಿ, ನಡುಮನೆಯಲ್ಲಿ, ಮಂಚದ ಕೆಳಗೆ, ಬಟ್ಟೆ ಬೀರುವಿನೊಳಗೆ, ಎಲ್ಲಿ ನೋಡಿದರೂ ರಟ್ಟಿನ ಡಬ್ಬಿ. ದೊಡ್ಡಮ್ಮನ ಬಟ್ಟೆಗಳಿಗೂ ಅದೇ ಹುಳಿ ನಾತ. ಹತ್ತಿರ ಬಂದು ತಬ್ಬಿಕೊಂಡರೆ ಕೆಟ್ಟ ಟೇಪಿನ ವಾಸನೆಯೇ ತಬ್ಬಿಕೊಂಡ ಹಾಗಾಗುತ್ತದೆ. ಪಾಪ, ಅವಳಿಗೆ ಅದು ಗೊತ್ತೂ ಆಗುವುದಿಲ್ಲ.

ಆ ಡಬ್ಬಿಗಳಲ್ಲಿ ಏನಿದೆ ಎಂದರೆ ಹಾಲಿವುಡ್ಡಿನ ಹಳೇ ತಾರೆಯರ ದನಿ. ಸಿನಿಮಾ ಅಲ್ಲ, ಬರೀ ದನಿ. ಒಂದು ಕಾಲದಲ್ಲಿ ಆ ನಟ ನಟಿಯರೆಲ್ಲ ರೇಡಿಯೋಗೆ ಬಂದು ಅರ್ಧ ಗಂಟೆಯ ನಾಟಕ ಆಡುತ್ತಿದ್ದರು, ನಡುವೆ ಸಾಬೂನಿನ ಜಾಹೀರಾತನ್ನೂ ಅಷ್ಟೇ ಭಾವಪೂರ್ಣವಾಗಿ ಓದುತ್ತಿದ್ದರು. ಅದನ್ನೆಲ್ಲ ಹಿಡಿದಿಡುವ ಐದು ಜನರ ಸಂಘವೊಂದು ನಮ್ಮೂರಲ್ಲಿದೆ, ದೊಡ್ಡಪ್ಪ ಅದರ ಅಧ್ಯಕ್ಷರು. ಯಾವ ನಟಿಗೆ ಯಾವ ವಾರ ನೆಗಡಿಯಾಗಿತ್ತು ಎಂದು ಈ ಐವರೂ ನಿದ್ದೆಗಣ್ಣಲ್ಲಿ ಹೇಳಬಲ್ಲರು. ಮನೆಯಾಕೆ ಯಾವ ಮಾತ್ರೆ ನುಂಗುತ್ತಾಳೆ ಎಂದು ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತಾರೆ. ಸಂಘದ ಆರಾಧ್ಯದೈವ ಒಬ್ಬ ಗೊಗ್ಗರು ದನಿಯ ನಟಿ, ಅವಳನ್ನು ಇವರು 'ರಾಣಿ' ಎಂದೇ ಕರೆಯುತ್ತಾರೆ. ಪ್ರಸಾರಕ್ಕೆ ಮೊದಲು ರಾಣಿ ನಲವತ್ತು ಸೆಕೆಂಡು ಗಂಟಲು ಸರಿಮಾಡಿಕೊಳ್ಳುವ ಒಂದು ಟೇಪು ಇವರ ಹತ್ತಿರವಿದೆ. ಅವಳು ಕ್ಯಾಕರಿಸುವುದನ್ನು ಐದು ಜನ ಮುದುಕರು ಕಣ್ಣು ಮುಚ್ಚಿ, ತಲೆದೂಗಿ ಕೇಳುವುದನ್ನು ನಾನು ನೋಡಿದ್ದೇನೆ. ಆವತ್ತು ನನಗೆ ಊಟ ಸೇರಲಿಲ್ಲ.

ಆದರೂ ಆ ಮನೆಗೆ ಹೋಗುತ್ತಿದ್ದೆ, ಯಾಕೆಂದರೆ ನನ್ನ ಕಸುಬು ದನಿ ತೊಳೆಯುವುದು. ಟೈರ್ ಅಂಗಡಿಯ ಮೇಲೆ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದೇನೆ. ಭಾಷಣದಿಂದ ಫ್ಯಾನಿನ ಸದ್ದು ತೆಗೆಯುವುದು, ಜಾಹೀರಾತಿನಿಂದ ಹಾರನ್ನು ತೆಗೆಯುವುದು, 'ದಯವಿಟ್ಟು ನಿರೀಕ್ಷಿಸಿ' ಎನ್ನುವ ಹುಡುಗಿ ನಡುವೆ ಎಂಜಲು ನುಂಗಿದರೆ ಅದನ್ನು ತೆಗೆಯುವುದು, ಹೀಗೆ ಜೀವನ ಸಾಗುತ್ತಿದೆ. ಹೋದ ತಿಂಗಳು ದೊಡ್ಡಪ್ಪ ಫೋನು ಮಾಡಿದರು. ಎಂಬತ್ತು ಹತ್ತಿರವಾಗಿದ್ದರೂ ದನಿ ಮಾತ್ರ ಖಣಖಣ.

"ವಿದೇಶದ ದೊಡ್ಡ ಸಂಗ್ರಹಾಲಯದಿಂದ ಕಾಗದ ಬಂದಿದೆ ಕಣೇ. ರಾಣಿಯ ಒಂದು ನಾಟಕ ಪ್ರಪಂಚದಲ್ಲೇ ಎಲ್ಲೂ ಇಲ್ಲವಂತೆ. ರೇಡಿಯೋ ನಿಲಯದವರು ಮೂಲ ರೆಕಾರ್ಡು ತಟ್ಟೆಗಳನ್ನ ಕಸಕ್ಕೆ ಹಾಕಿಬಿಟ್ಟಿದ್ದಾರೆ, ಮುಠ್ಠಾಳರು. ಇರೋದು ನನ್ನ ಹತ್ರ ಒಂದೇ. ಸ್ವಲ್ಪ ಗದ್ದಲ ಇದೆ, ನಿನ್ನ ಕೈಚಳಕ ತೋರಿಸು."

ಟೇಪಿನ ಜೊತೆ ದೋಷಪಟ್ಟಿಯೂ ಬಂತು. ಇದು ಸಂಘದ ಕಟ್ಟುನಿಟ್ಟಿನ ಪದ್ಧತಿ. ಟೇಪು ಯಾರ ಕೈಗೆ ಹೋದರೂ ಅದರಲ್ಲಿರುವ ಕೊರತೆಯನ್ನೆಲ್ಲ ನಿಮಿಷ ಸೆಕೆಂಡು ಸಮೇತ ಕಾರ್ಡಿನ ಮೇಲೆ ಬರೆದು ಕೊಡಬೇಕು, ಒಂದನ್ನೂ ಮುಚ್ಚಿಡಬಾರದು. ಹೆಂಡತಿಗೆ ಸುಳ್ಳು ಹೇಳಿಯಾರು, ಈ ಮಹನೀಯರು ದೋಷಪಟ್ಟಿಯಲ್ಲಿ ಮಾತ್ರ ಸುಳ್ಳು ಬರೆಯರು. ದೊಡ್ಡಪ್ಪ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು, ಅವರ ಪಟ್ಟಿಯಂತೂ ಮುತ್ತು ಪೋಣಿಸಿದ ಅಕ್ಷರ.

೭:೧೦ – ಕೆಮ್ಮು (ಮಗು).
೯:೪೫ – ಹೆಣ್ಣು ದನಿ, ಬಾಗಿಲಾಚೆಯಿಂದ.
೧೨:೩೦ – ಕೆಮ್ಮು, ಎಡೆಬಿಡದೆ.
೧೪:೦೫ – ಹೆಣ್ಣು ದನಿ.
೨೦:೫೦ – ಹೆಣ್ಣು ದನಿ, ಅಳು ಸಹಿತ.
೨೬:೦೦ – ಕೆಮ್ಮು ನಿಂತಿದೆ. ಇಲ್ಲಿಂದ ಕೊನೆಯವರೆಗೆ ಶುಭ್ರ.

ಓದಿ ನನಗೆ ಏನೂ ಅನ್ನಿಸಲಿಲ್ಲ. ಆ ಕಾಲದಲ್ಲಿ ದೊಡ್ಡಪ್ಪ ರೆಕಾರ್ಡು ಮಾಡುತ್ತಿದ್ದ ರೀತಿ ನಮ್ಮ ಮನೆಯವರಿಗೆಲ್ಲ ಗೊತ್ತು. ವಾರಕ್ಕೊಮ್ಮೆ, ಸಂಜೆ ಆರೂವರೆಗೆ, ದೂರದ ನಿಲಯವೊಂದು ಆ ಹಳೇ ನಾಟಕಗಳನ್ನು ಮರುಪ್ರಸಾರ ಮಾಡುತ್ತಿತ್ತು. ರೇಡಿಯೋದಿಂದ ಯಂತ್ರಕ್ಕೆ ನೇರ ತಂತಿ ಇರಲಿಲ್ಲ, ರೇಡಿಯೋದ ಮುಂದೆ ಮೈಕು ಇಟ್ಟು ಹಿಡಿಯಬೇಕು. ಮನೆಯಲ್ಲಿ ಸೂಜಿ ಬಿದ್ದರೂ ಟೇಪಿನೊಳಗೆ ಹೋಗುತ್ತದೆ. ಅದಕ್ಕೇ ಗೋಡೆ ಗಡಿಯಾರ ನಿಲ್ಲಿಸಿ, ಫ್ಯಾನು ಆರಿಸಿ, ಮುಂದಿನ ಕೋಣೆಯ ಬಾಗಿಲಿಗೆ ನಡುಮನೆಯ ಕಡೆಯಿಂದ ಕೆಂಪು ಬಟ್ಟೆ ನೇತುಹಾಕಿ, ಒಳಗಿನಿಂದ ಅಗಳಿ ಹಾಕಿಕೊಳ್ಳುತ್ತಿದ್ದರಂತೆ. ಆ ಬಟ್ಟೆ ತೆಗೆಯುವವರೆಗೆ ಮನೆಮಂದಿ ಬಾಯಿಗೆ ಬೀಗ ಹಾಕಿಕೊಂಡಿರಬೇಕು. ಬೀದಿಗೆ ಹೋಗುವ ದಾರಿಯೂ ಆ ಕೋಣೆಯ ಮೂಲಕವೇ. ಹಿಂದೆ ಇದ್ದದ್ದು ಎತ್ತರದ ಗೋಡೆಯ ಹಿತ್ತಲು. ಒಳಗಿದ್ದವರು ಒಳಗೇ.

ನಾನು ಕೆಲಸ ಶುರುಮಾಡಿದೆ. ಏಳನೇ ನಿಮಿಷದ ಕೆಮ್ಮನ್ನು ಮೊದಲು ತೆಗೆದೆ. ರಾಣಿ ತನ್ನ ಪ್ರಿಯಕರನಿಗೆ ಏನೋ ಪಿಸುಗುಡುತ್ತಿದ್ದಳು, ಅದರ ಮೇಲೆ ಪುಟ್ಟ ಒಣಕೆಮ್ಮು, ನಾಯಿಮರಿ ಬೊಗಳಿದ ಹಾಗೆ. ಎಳೆ ಎಳೆಯಾಗಿ ಬಿಡಿಸಿ ತೆಗೆದ ಮೇಲೆ ರಾಣಿಯ ಉಸಿರು ಮಾತ್ರ ಉಳಿಯಿತು. ಭಲೇ, ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆಮೇಲೆ ಹೆಣ್ಣು ದನಿಗೆ ಬಂದೆ. ಒಂದು ದನಿಯನ್ನು ಅಳಿಸಬೇಕಾದರೆ ಮೊದಲು ಅದನ್ನು ಬೇರೆ ಮಾಡಿ ಸ್ಪಷ್ಟವಾಗಿ ಕೇಳಿಸಿಕೊಳ್ಳಬೇಕು. ಬೇರೆ ಮಾಡಿದೆ.

"ಬಾಗಿಲು ತೆಗೀರಿ. ಮಗುಗೆ ಉಸಿರು ಸಿಗ್ತಿಲ್ಲ. ರೀ, ಬಾಗಿಲು ತೆಗೀರಿ."

ಅದು ನಮ್ಮ ದೊಡ್ಡಮ್ಮ. ವಯಸ್ಸು ಇಪ್ಪತ್ತಮೂರಿದ್ದೀತು, ಆದರೆ ಅವಳೇ.

ಟೇಪನ್ನು ಕೊನೆಯವರೆಗೂ ಓಡಿಸಿದೆ. ನಾಟಕ ಮುಗಿದ ಮೇಲೆ ಸಂಗ್ರಹಕಾರರು ತಮ್ಮ ದನಿಯಲ್ಲಿ ಒಂದು ಷರಾ ಹೇಳುವ ರೂಢಿಯಿದೆ. ದೊಡ್ಡಪ್ಪನೂ ಹೇಳಿದ್ದರು. ವಾರ್ತೆ ಓದುವವರ ಗತ್ತಿನಲ್ಲಿ, ಒಂದಿಷ್ಟೂ ಅವಸರವಿಲ್ಲದೆ ತಾರೀಖು ಹೇಳಿದರು, ನಿಲಯದ ಹೆಸರು ಹೇಳಿದರು, ರೇಡಿಯೋದ ಎಷ್ಟನೇ ಮೀಟರಿನಲ್ಲಿ ಸಿಕ್ಕಿತು ಎಂದು ಹೇಳಿದರು. "ಸಿಗ್ನಲ್ ಉತ್ತಮ. ಹಿನ್ನೆಲೆಯಲ್ಲಿ ಸ್ವಲ್ಪ ಗೃಹಶಬ್ದವಿದೆ." ಅದಾದ ಮೇಲೆ ಅಗಳಿ ತೆಗೆದ ಸದ್ದು.

ಆ ತಾರೀಖು ನನಗೆ ಬಾಯಿಪಾಠ. ದೊಡ್ಡಮ್ಮನ ಅಡುಗೆಮನೆಯಲ್ಲಿ ಎರಡು ವರ್ಷದ ಹೆಣ್ಣುಮಗುವಿನ ಫೋಟೋ ಇದೆ, ಕೆಳಗೆ ತೀರಿಕೊಂಡ ದಿನವೆಂದು ಅದೇ ತಾರೀಖು ಬರೆದಿದೆ. ಅವರಿಗಿದ್ದದ್ದು ಆ ಒಂದೇ ಮಗು. ಗಂಟಲುಮಾರಿ. ಆಸ್ಪತ್ರೆಗೆ ಒಯ್ದಾಗ ಡಾಕ್ಟರು, ಅರ್ಧ ಗಂಟೆ ಮೊದಲು ತಂದಿದ್ದರೆ ಬದುಕುತ್ತಿತ್ತು, ಯಾಕೆ ತರಲಿಲ್ಲ ಎಂದು ಕೇಳಿದರಂತೆ. ದೊಡ್ಡಪ್ಪ, "ಇವಳು ನನಗೆ ಹೇಳಲೇ ಇಲ್ಲ" ಎಂದರಂತೆ. ಅಷ್ಟೇ ಸಾಕಾಯಿತು. ನಮ್ಮ ಅಜ್ಜಿ ಅದಕ್ಕೆ ಕೈಕಾಲು ಸೇರಿಸಿ, ಮಗು ಒದ್ದಾಡುವಾಗ ಇವಳು ಗೊರಕೆ ಹೊಡೆಯುತ್ತಿದ್ದಳು ಎಂದು ಬಂಧುಬಳಗಕ್ಕೆಲ್ಲ ಹಂಚಿದಳು. ದೊಡ್ಡಮ್ಮನಿಗೆ 'ನಿದ್ದೆಬುರುಕಿ' ಎಂದು ಅಡ್ಡಹೆಸರು ಬಿತ್ತು. ನಾನೂ ಆ ಹೆಸರಿಟ್ಟು ನಕ್ಕಿದ್ದೇನೆ. ಒಂದು ಮದುವೆಯಲ್ಲಿ ಅವಳ ಎದುರಿಗೇ, "ನಮ್ಮ ದೊಡ್ಡಮ್ಮನಿಗೆ ಮನೆ ಕುಸಿದರೂ ಎಚ್ಚರವಾಗಲ್ಲ" ಎಂದಿದ್ದೆ. ಅವಳೂ ನಕ್ಕಿದ್ದಳು.

ಹೆಡ್‌ಫೋನು ಕಿತ್ತು ಮೇಜಿನ ಮೇಲೆ ಎಸೆದೆ. ದೊಡ್ಡಪ್ಪನ ಮೇಲಿನ ಹೇಸಿಗೆ ಒಂದು ಕಡೆ ಇರಲಿ, ಆ ಮಗುವಿನ ಕೆಮ್ಮನ್ನು ಅಳಿಸಿ ಭಲೇ ಎಂದುಕೊಂಡವಳು ನಾನು. ಮೂಲ ಟೇಪಿನಲ್ಲಿ ಎಲ್ಲವೂ ಹಾಗೇ ಇದೆ, ನಾನು ತೆಗೆದದ್ದು ನಕಲಿನಿಂದ, ಏನೂ ನಷ್ಟವಾಗಿಲ್ಲ ಎಂದು ಸಮಾಧಾನ ಹೇಳಿಕೊಂಡೆ. ಆದರೂ ಎರಡು ಸಲ ಸಾಬೂನು ಹಾಕಿ ಕೈ ತೊಳೆದುಕೊಂಡೆ.

ಮರುದಿನ ಬೆಳಿಗ್ಗೆ ದೊಡ್ಡಪ್ಪನ ಎದುರು ಕೂತು ಆ ಕಾರ್ಡನ್ನು ಅವರ ಮುಂದಿಟ್ಟೆ. ಅವರು ಹತ್ತಿಯಿಂದ ಟೇಪು ಯಂತ್ರದ ಹೆಡ್ಡು ಒರೆಸುತ್ತಿದ್ದರು. ಹತ್ತಿಗೆ ಕಂದು ಬಣ್ಣದ ಗಸಿ ಮೆತ್ತಿಕೊಳ್ಳುತ್ತಿತ್ತು.

"ಇದು ಯಾವ ದಿನದ ಟೇಪು ಗೊತ್ತಾ ನಿಮಗೆ?"

"ಗೊತ್ತಿಲ್ಲದೆ ಏನು? ಷರಾದಲ್ಲೇ ಹೇಳಿದೀನಲ್ಲ."

"ದೊಡ್ಡಮ್ಮ ಮೂರು ಸಲ ಕೂಗಿದಾಳೆ. ನೀವೇ ಬರೆದಿದೀರ. ಮತ್ತೆ ಡಾಕ್ಟರ ಹತ್ರ ಹೇಳಲೇ ಇಲ್ಲ ಅಂದ್ರಲ್ಲ?"

ಅವರು ಹತ್ತಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಆ ಮಗು ವಾರದಿಂದ ಕೆಮ್ತಾನೇ ಇತ್ತು. ಇವಳು ವಾರದಿಂದ ಕೂಗ್ತಾನೇ ಇದ್ಲು. ಯಾವುದು ನಿಜವಾದ ಕೂಗು ಅಂತ ನನಗೇನು ಕನಸು ಬಿದ್ದಿತ್ತಾ? ಆ ನಾಟಕ ಮತ್ತೆ ಪ್ರಸಾರ ಆಗ್ತಿರಲಿಲ್ಲ. ಆಗಲೂ ಇಲ್ಲ ನೋಡು, ಈಗ ಪ್ರಪಂಚದಲ್ಲಿ ಇರೋದು ಇದೊಂದೇ." ಆಮೇಲೆ ದನಿ ತಗ್ಗಿಸಿ, ನನಗೆ ಬುದ್ಧಿ ಹೇಳುವವರ ಹಾಗೆ, "ಆಗಿಹೋದದ್ದನ್ನ ಕೆದಕಬಾರದು. ಭಾನುವಾರ ಸಂಘದವರು ಬರ್ತಾರೆ. ಪದ್ಧತಿ ಗೊತ್ತಲ್ಲ, ಮೊದಲು ಕೊಳೆ ಇರೋದು ಕೇಳಿಸಿ, ಆಮೇಲೆ ತೊಳೆದದ್ದು. ಎಲ್ಲರೂ ಬೆರಗಾಗಬೇಕು" ಎಂದರು.

ಪಿತ್ತ ನೆತ್ತಿಗೇರಿತು. ಎದ್ದು ನೇರ ಅಡುಗೆಮನೆಗೆ ಹೋದೆ. ದೊಡ್ಡಮ್ಮ ಕಾಳು ಆರಿಸುತ್ತಿದ್ದಳು. ಅವಳು ಬೆಳಿಗ್ಗೆ ನಾಲ್ಕಕ್ಕೇ ಏಳುವವಳು, ನಮ್ಮ ನಿದ್ದೆಬುರುಕಿ. ಬಾಗಿಲು ಮುಂದೆ ಮಾಡಿ ಎಲ್ಲ ಹೇಳಿದೆ. ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಕಾಳು ಆರಿಸುವುದನ್ನು ನಿಲ್ಲಿಸಲೂ ಇಲ್ಲ.

"ಕೂಗಿದ್ದೆ ಕಣೇ. ನನಗೆ ಗೊತ್ತಿಲ್ವಾ ಅದು? ಆದ್ರೆ ಮೆಲ್ಲಗೆ ಕೂಗಿದ್ದೆ."

"ಮೆಲ್ಲಗಲ್ಲ ದೊಡ್ಡಮ್ಮ."

"ಮೆಲ್ಲಗೇ. ಕೆಂಪು ಬಟ್ಟೆ ಹಾಕಿದಾಗ ಜೋರಾಗಿ ಮಾತಾಡೋ ಧೈರ್ಯ ಯಾರಿಗಿತ್ತು ಈ ಮನೇಲಿ? ಬಾಗಿಲು ಬಡಿಯೋಕೂ ಕೈ ಏಳಲಿಲ್ಲ ನನಗೆ. ಮಗೂನ ಎತ್ಕೊಂಡು ಬಾಗಿಲಿಗೆ ಬಾಯಿಟ್ಟು ಪಿಸುಗುಟ್ಟಿದೆ ಅಷ್ಟೇ. ಸ್ವಲ್ಪ ಜೋರಾಗಿ ಕೂಗಿದ್ರೆ ಇವರಿಗೆ ಕೇಳಿಸಿರೋದು, ತೆಗೆದಿರೋರು. ಎಷ್ಟಾದ್ರೂ ಅಪ್ಪ ಅಲ್ವಾ? ಐವತ್ತೊಂದು ವರ್ಷ ಆಯ್ತು, ದಿನಾ ಅದನ್ನೇ ಅಂದ್ಕೊಳ್ತೀನಿ. ಯಾಕೆ ಜೋರಾಗಿ ಕೂಗಲಿಲ್ಲ ನಾನು?"

"ನಾನೇ ಕಿವಿಯಾರೆ ಕೇಳಿದೀನಿ ದೊಡ್ಡಮ್ಮ. ನೀನು ಕಿರುಚಿದೀಯ."

"ನೀನು ನಿನ್ನ ಯಂತ್ರದಲ್ಲಿ ದನಿ ದೊಡ್ಡದು ಮಾಡ್ಕೊಂಡು ಕೇಳಿರ್ತೀಯ. ನಿನ್ನ ಕೆಲಸಾನೇ ಅದಲ್ವಾ? ನನಗೆ ಸಮಾಧಾನ ಹೇಳಬೇಡ ಪುಟ್ಟಿ."

"ಹಾಗಾದ್ರೆ ನೀನೇ ಬಂದು ಕೇಳು."

ಆಗ ಅವಳ ಕೈ ನಿಂತಿತು. "ಆ ಕೆಮ್ಮು ಇನ್ನೊಂದು ಸಲ ಕೇಳಲಾರೆ. ಅದೊಂದು ಕೇಳಬೇಡ ನನ್ನ." ಫೋಟೋದ ಕಡೆ ನೋಡುತ್ತ ಹೇಳಿದಳು, "ಭಾನುವಾರ ಅವರಿಗೆ ಹಾಕಿ ತೋರಿಸ್ತೀಯಲ್ಲ, ದನಿ ಹೆಚ್ಚುಕಡಿಮೆ ಮಾಡದೆ ಇದ್ದದ್ದು ಇದ್ದ ಹಾಗೆ ಹಾಕು. ಅವರಿಗೆ ಇದೇನೂ ಗೊತ್ತಿಲ್ಲ. ಗೊತ್ತಿಲ್ಲದೋರು ಏನಂತಾರೆ ಅಂತ ನಾನು ಕೇಳಬೇಕು."

ಭಾನುವಾರ ಹನ್ನೊಂದಕ್ಕೆ ಸಂಘದವರು ಬಂದರು. ಐವರಲ್ಲಿ ಒಬ್ಬರಿಗೆ ಮೊಣಕಾಲು ನೋವು, ಇನ್ನೊಬ್ಬರು ಊರಲ್ಲಿರಲಿಲ್ಲ. ಬಂದದ್ದು ಹಲ್ಲಿನ ಡಾಕ್ಟರು ಮತ್ತು ಪ್ರೆಸ್ಸಿನವರು. ಹಲ್ಲಿನ ಡಾಕ್ಟರು ಬಾಯಿ ತೆಗೆದರೆ ಮುಚ್ಚುವವರಲ್ಲ. ಪ್ರೆಸ್ಸಿನವರು ನಲವತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿದವರು, ಮಾತು ಕಡಿಮೆ. ಇಬ್ಬರಿಗೂ ದೊಡ್ಡಪ್ಪನ ಪರಿಚಯವಾದದ್ದು ಈಚಿನ ಇಪ್ಪತ್ತು ವರ್ಷದಲ್ಲಿ. ಬಾಗಿಲ ಬಳಿ ಚಪ್ಪಲಿ ಬಿಟ್ಟು, ಆ ಹುಳಿ ಗಾಳಿಯನ್ನು ಹೂದೋಟಕ್ಕೆ ಬಂದವರ ಹಾಗೆ ಎಳೆದುಕೊಂಡು, ಕುರ್ಚಿ ಹಿಡಿದು ಕೂತರು.

ಅಡುಗೆಮನೆಯ ಬಾಗಿಲು ಮುಚ್ಚಿಕೊಂಡಿತು. ಒಳಗೆ ನಲ್ಲಿಯನ್ನು ಪೂರ್ತಿ ತಿರುಗಿಸಿದ ಸದ್ದು ಕೇಳಿಸಿತು. ಏನನ್ನೂ ಕೇಳಿಸಿಕೊಳ್ಳದಿರಲು ಅವಳು ಮಾಡಿಕೊಂಡ ಏರ್ಪಾಡು ಅದು. ನಾನು ಟೇಪನ್ನು ಇದ್ದದ್ದು ಇದ್ದ ಹಾಗೆ ಹಾಕಿದೆ.

ರಾಣಿ ಬಂದಳು. ಇಬ್ಬರೂ ಕಣ್ಣು ಮುಚ್ಚಿದರು. ಏಳನೇ ನಿಮಿಷಕ್ಕೆ ಕೆಮ್ಮು ಬಂದಾಗ ಹಲ್ಲಿನ ಡಾಕ್ಟರು ಮುಖ ಸಿಂಡರಿಸಿ ತ್ಚು ತ್ಚು ಎಂದರು. ಒಂಬತ್ತಕ್ಕೆ ದೊಡ್ಡಮ್ಮನ ದನಿ ಬಂದಾಗ ತೊಡೆ ಬಡಿದುಕೊಂಡರು. ಹದಿನಾಲ್ಕರ ಹೊತ್ತಿಗೆ ಅವರಿಗೆ ತಡೆಯಲಾಗಲಿಲ್ಲ.

"ಅಯ್ಯೋ, ರಾಣಿ ಅಳೋ ಜಾಗ ಇದು! ಯಾರ್ರೀ ಈ ಗಂಟಲು?"

ದೊಡ್ಡಪ್ಪ ನನ್ನ ಕಡೆ ನೋಡಲಿಲ್ಲ. "ಪಕ್ಕದ ಮನೆಯವಳು," ಎಂದರು. "ಆಗ ಗೋಡೆಗೆ ಗೋಡೆ. ಅವಳಿಗೆ ದಿನಾ ಜಗಳ."

ಜೀವಮಾನದಲ್ಲಿ ಒಂದು ಮಾತು ಕೇಳಿ ನನಗೆ ಅಷ್ಟು ಅಸಹ್ಯವಾದದ್ದಿಲ್ಲ. ಅವರ ತಟ್ಟೆಯಲ್ಲಿ ಉಂಡಿದ್ದೇನೆ, ಅವರ ಸೈಕಲ್ಲಿನ ಮೇಲೆ ಕೂತು ಶಾಲೆಗೆ ಹೋಗಿದ್ದೇನೆ. ಆ ಕ್ಷಣ ಅವರ ಬಿಳೀ ಹುಬ್ಬು, ಕಿವಿಯ ಮೇಲಿನ ಕೂದಲು, ಗುಂಡಿಯ ಮೇಲೆ ಆಡುತ್ತಿದ್ದ ಬೆರಳು, ಎಲ್ಲವೂ ಓಕರಿಕೆ ತರಿಸಿತು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ, ದೊಡ್ಡಮ್ಮನಿಗೆ ಬೇಕಾದದ್ದು ಇನ್ನೂ ಸಿಕ್ಕಿರಲಿಲ್ಲ. ಪ್ರೆಸ್ಸಿನವರು ಮಾತ್ರ ಕಣ್ಣು ಬಿಟ್ಟು ಟೇಪು ಯಂತ್ರವನ್ನಲ್ಲ, ಅಡುಗೆಮನೆಯ ಮುಚ್ಚಿದ ಬಾಗಿಲನ್ನು ನೋಡುತ್ತಿದ್ದರು.

ಇಪ್ಪತ್ತಾರನೇ ನಿಮಿಷ ಬಂತು, ಕೆಮ್ಮು ನಿಂತಿತು. "ಅಬ್ಬ, ಈಗ ಕೇಳೋ ಹಾಗಾಯ್ತು ನೋಡಿ" ಎಂದು ಹಲ್ಲಿನ ಡಾಕ್ಟರು ಕಾಲು ಚಾಚಿದರು. ನಾಟಕ ಮುಗಿಯುತ್ತಲೇ, ದೊಡ್ಡಪ್ಪನ ಷರಾ ಬರುವ ಮೊದಲು, ನಾನು ಯಂತ್ರ ನಿಲ್ಲಿಸಿದೆ. ಹೋಗಿ ಅಡುಗೆಮನೆಯ ಬಾಗಿಲು ತಟ್ಟಿದೆ. ನಲ್ಲಿ ನಿಂತಿತು. ದೊಡ್ಡಮ್ಮ ಟೀ ತಟ್ಟೆ ಹಿಡಿದು ಬಂದಳು.

"ಬನ್ನಿ ಅಮ್ಮ," ಎಂದರು ಹಲ್ಲಿನ ಡಾಕ್ಟರು, ಕರೆದು ಹೇಳಿಕೊಳ್ಳಲು ಯಾರಾದರೂ ಸಿಕ್ಕರೆ ಸಾಕಾಗಿತ್ತು. "ಎಂಥಾ ನಾಟಕ! ಎಲ್ಲ ಒಬ್ಬ ಹೆಂಗಸು ಕೂಗಿ ಕೂಗಿ ಹಾಳುಮಾಡಿಬಿಟ್ಟಿದಾಳೆ."

ದೊಡ್ಡಮ್ಮ ತಟ್ಟೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. "ಜೋರಾಗಿ ಕೇಳುತ್ತಾ ಅದು? ಮೆಲ್ಲಗೆ ಅಲ್ವಾ?"

"ಮೆಲ್ಲಗಾ!" ಅವರು ನಕ್ಕುಬಿಟ್ಟರು. "ರಾಣಿಯ ದನಿಯೇ ಮುಚ್ಚಿಹೋಗಿದೆ, ಅಷ್ಟು ಜೋರು. ಆಚೆ ಬೀದಿಯವರಿಗೂ ಕೇಳಿಸಿರಬೇಕು. ಯಜಮಾನರಿಗೆ ನಾನು ಅದೇ ಹೇಳ್ತಿದ್ದೆ, ಎದ್ದು ಹೋಗಿ ಆ ಪಕ್ಕದ ಮನೆಯವಳ ಬಾಯಿ ಮುಚ್ಚಿಸೋದಲ್ವಾ ನೀವು ಅಂತ."

"ಪಕ್ಕದ ಮನೆಯವಳಲ್ಲ," ಎಂದಳು ದೊಡ್ಡಮ್ಮ. "ನಾನು. ಕೆಮ್ತಿದ್ದದ್ದು ನನ್ನ ಮಗಳು."

ಹಲ್ಲಿನ ಡಾಕ್ಟರು ಚಾಚಿದ್ದ ಕಾಲನ್ನು ಒಳಗೆಳೆದುಕೊಂಡರು. ಅವರನ್ನು ಬಿಟ್ಟು ಅವಳು ಪ್ರೆಸ್ಸಿನವರ ಕಡೆ ತಿರುಗಿದಳು. "ನೀವು ಹೇಳಿ. ಮಾತು ತಿಳಿಯೋ ಅಷ್ಟು ಜೋರಾಗಿತ್ತಾ?"

ಪ್ರೆಸ್ಸಿನವರು ಎದ್ದು ನಿಂತರು. "ಒಂದೊಂದು ಮಾತೂ ಕೇಳಿಸ್ತು ತಾಯಿ. ಬಾಗಿಲು ತೆಗೀರಿ ಅಂದ್ರಿ. ಮಗುಗೆ ಉಸಿರು ಸಿಗ್ತಿಲ್ಲ ಅಂದ್ರಿ. ಮೂರು ಸಲವೂ ಕೇಳಿಸ್ತು."

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. "ಆಯ್ತಾಯ್ತು, ಈಗ ತೊಳೆದದ್ದು ಹಾಕಮ್ಮ," ಎಂದರು ನನಗೆ.

"ಅದು ಇಲ್ಲ," ಎಂದೆ. "ನಾನು ತೊಳೆದು ಮುಗಿಸಿಲ್ಲ, ಮುಗಿಸೋದೂ ಇಲ್ಲ."

ದೊಡ್ಡಮ್ಮ ತಟ್ಟೆಯನ್ನು ಯಂತ್ರದ ಪಕ್ಕದಲ್ಲಿಟ್ಟಳು. ಗಂಡನ ಮುಖವನ್ನು ಒಂದು ಸಲ, ಮೇಲಿನಿಂದ ಕೆಳಗಿನವರೆಗೆ, ನೋಡಿದಳು. ಐವತ್ತೊಂದು ವರ್ಷ ತನ್ನನ್ನು ತಾನೇ ಬೈದುಕೊಂಡವಳು ನನ್ನ ಕಡೆ ತಿರುಗಿದಳು. ಹೇಳಿದ್ದು ನನಗೆ, ಸಣ್ಣ ದನಿಯಲ್ಲಿ.

"ಹಾಗಾದ್ರೆ ಇವರಿಗೆ ಕೇಳಿಸಿತ್ತು ಕಣೇ."